ಸಮೃದ್ಧಿಯ ಲೆಕ್ಕಾಚಾರ

ಕನ್ನಡದಲ್ಲಿ 'ಹೆಚ್ಚು' ಎಂದು ಹೇಳಲು ಎಷ್ಟು ಮಾತುಗಳಿವೆ ಎಂದು ಯಾರಾದರೂ ಕೇಳಿದರೆ 'ಬೇಕಾದಷ್ಟಿವೆ' ಎನ್ನಬೇಕಾಗುತ್ತದೆ. ಬಹಳ, ತುಂಬ, ಹೇರಳ, ವಿಪುಲ, ಧಾರಾಳ, ಯಥೇಚ್ಛ, ಸಮೃದ್ಧ, ಹುಲುಸು - ಇವೆಲ್ಲ ಪುಸ್ತಕದಲ್ಲೂ ಸಿಗುವ ಮಾತುಗಳು. ಧಾರವಾಡದ ಕಡೆಯವರಿಗೆ 'ಭಾಳ', ಶಿರಸಿ ಸಿದ್ದಾಪುರದವರಿಗೆ 'ರಾಶಿ', ಬೆಂಗಳೂರಿನ ಕಾಲೇಜು ಹುಡುಗರಿಗೆ 'ಸಖತ್'. ಉರ್ದುವಿನ ದಾರಿ ಹಿಡಿದು ಬಂದ 'ಜಾಸ್ತಿ' ಎಂಬ ಮಾತಂತೂ ನಮ್ಮ ಅಡುಗೆಮನೆಯಲ್ಲೇ ಹುಟ್ಟಿದಷ್ಟು ಸಲೀಸಾಗಿ ಓಡಾಡಿಕೊಂಡಿದೆ.

ಮೇಲುನೋಟಕ್ಕೆ ಇವೆಲ್ಲ ಒಂದೇ ಅರ್ಥದ ಮಾತುಗಳು. ಆದರೆ ಒಂದೊಂದರ ಬೆನ್ನಿಗೂ ಒಂದೊಂದು ಚಿತ್ರ ಅಂಟಿಕೊಂಡಿದೆ. 'ತುಂಬ' ಎಂದಾಗ ಕಣ್ಣ ಮುಂದೆ ಕೊಡವೋ ಪಾತ್ರೆಯೋ ಇರಬೇಕು. 'ರಾಶಿ'ಗೆ ಕಣ ಬೇಕು. 'ಹುಲುಸು' ಎನ್ನಲು ಹಸಿರು ಪೈರು ಬೇಕು. 'ಯಥೇಚ್ಛ' ಎಂದರೆ ಇಚ್ಛೆ ಇದ್ದಷ್ಟು. ಅಳತೆಗೋಲು ವಸ್ತುವಿನಲ್ಲಿಲ್ಲ, ನಮ್ಮ ಮನಸ್ಸಿನಲ್ಲಿದೆ. ಸಂಸ್ಕೃತದ 'ಸಮೃದ್ಧಿ'ಯ ಬೇರಿನಲ್ಲಿರುವುದು ಬೆಳೆಯುವುದು, ಏಳಿಗೆಯಾಗುವುದು ಎಂಬ ಅರ್ಥ. ಇಂಗ್ಲಿಷಿನ 'ಅಬಂಡೆನ್ಸ್' ಬಂದದ್ದು ಲ್ಯಾಟಿನ್ನಿನಿಂದ. ಅಲ್ಲಿ 'ಉಂಡ' ಎಂದರೆ ಅಲೆ. ದಂಡೆ ಮೀರಿ ಉಕ್ಕಿ ಹರಿಯುವ ನೀರು ಆ ಮಾತಿನೊಳಗಿದೆ. ಒಬ್ಬರಿಗೆ ಬೆಳೆ, ಒಬ್ಬರಿಗೆ ನೀರು. ಯಾವ ಜನಕ್ಕೆ ಯಾವುದು ದೊಡ್ಡದಾಗಿ ಕಂಡಿತೋ ಅದೇ ಅವರ ಮಾತಾಯಿತು.

ಇದೆಲ್ಲ ಭಾಷಾಶಾಸ್ತ್ರಜ್ಞರ ಕೆಲಸವಲ್ಲವೆ, ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನಿಗೆ ಇದರ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಹೋದ ನನ್ನ ವಿದ್ಯಾರ್ಥಿಗಳು ಮೊದಲ ಮೂರು ತಿಂಗಳಲ್ಲಿ ಮುಗ್ಗರಿಸುತ್ತಿದ್ದ ಮಾತುಗಳಲ್ಲಿ ಈ 'ಅಬಂಡೆನ್ಸ್' ಒಂದು. ರಸಾಯನಶಾಸ್ತ್ರದಲ್ಲಿ ಐಸೊಟೋಪುಗಳ ಅಬಂಡೆನ್ಸ್, ಭೂವಿಜ್ಞಾನದಲ್ಲಿ ಧಾತುಗಳ ಅಬಂಡೆನ್ಸ್, ಜೀವಶಾಸ್ತ್ರದಲ್ಲಿ ಪ್ರಭೇದಗಳ ಅಬಂಡೆನ್ಸ್. ಸಾಲದ್ದಕ್ಕೆ ಗಣಿತದಲ್ಲಿ ಅಬಂಡೆಂಟ್ ಸಂಖ್ಯೆ ಬೇರೆ. ನಿಘಂಟು ತೆಗೆದರೆ ಎಲ್ಲಕ್ಕೂ ಸಮೃದ್ಧಿ, ವಿಪುಲತೆ, ಬಾಹುಳ್ಯ ಎಂದಿರುತ್ತದೆ. ಮಕ್ಕಳು ಅದನ್ನು ಉರುಹೊಡೆದು ಹೋಗುತ್ತಾರೆ. ನಾಲ್ಕು ಕಡೆಯೂ ಆ ಮಾತು ಬೇರೆ ಬೇರೆ ಪ್ರಶ್ನೆಗೆ ಉತ್ತರ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಉದಾಹರಣೆಗೆ ಕ್ಲೋರಿನ್ನಿನ ಪರಮಾಣು ತೂಕ ೩೫.೫ ಎಂದು ಎಲ್ಲ ಮಕ್ಕಳೂ ಒಪ್ಪಿಸುತ್ತಾರೆ. ಅರ್ಧ ಎಲ್ಲಿಂದ ಬಂತು? ಪ್ರಕೃತಿಯಲ್ಲಿ ಸಿಗುವ ಕ್ಲೋರಿನ್ನಿನಲ್ಲಿ ೩೫ ತೂಕದವು ಶೇಕಡ ೭೬ರಷ್ಟು, ೩೭ ತೂಕದವು ಶೇಕಡ ೨೪ರಷ್ಟು. ಎರಡರ ಸರಾಸರಿ ತೆಗೆದರೆ ಮೂವತ್ತೈದೂವರೆ. ಇಲ್ಲಿ 'ಅಬಂಡೆನ್ಸ್' ಎಂದರೆ ಹೇರಳವೂ ಅಲ್ಲ, ಹುಲುಸೂ ಅಲ್ಲ, ಬರೀ ಪಾಲು. ಶೇಕಡ ಒಂದಕ್ಕಿಂತ ಕಡಿಮೆ ಇದ್ದರೂ ವಿಜ್ಞಾನಿ ಅದನ್ನು ಅಬಂಡೆನ್ಸ್ ಎಂದೇ ಕರೆಯುತ್ತಾನೆ. ನಿತ್ಯದ ಮಾತು ವಿಜ್ಞಾನದ ಮನೆಗೆ ಹೋದಾಗ ಚಪ್ಪಲಿಯನ್ನು ಹೊರಗೆ ಬಿಟ್ಟು ಹೋಗುವಂತೆ ತನ್ನ ಅರ್ಧ ಅರ್ಥವನ್ನು ಹೊರಗೇ ಬಿಟ್ಟು ಹೋಗುತ್ತದೆ.

ತುಂಬಿದ ಮಡಕೆ

ಈ ಮಾತಿನ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದು ಮಾತ್ರ ವಿಜ್ಞಾನದಿಂದಲ್ಲ, ಹಸಿವಿನಿಂದ. ೧೯೬೫-೬೬ರ ಬರಗಾಲದಲ್ಲಿ ನಾನು ಪ್ರಾಥಮಿಕ ಶಾಲೆಯ ಹುಡುಗ. ಅಮೆರಿಕದಿಂದ ಬಂದ ಗೋಧಿಗಾಗಿ ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ನೆನಪು ಇನ್ನೂ ಮಾಸಿಲ್ಲ. ಆಗ ನಮ್ಮಮ್ಮ ಮನೆಯಲ್ಲಿ ಎಂದೂ 'ಅಕ್ಕಿ ಮುಗಿದಿದೆ' ಎನ್ನುತ್ತಿರಲಿಲ್ಲ. 'ಅಕ್ಕಿ ತುಂಬಿದೆ' ಎನ್ನುತ್ತಿದ್ದಳು. ಒಂದು ದಿನ ನಾನು ಆ ಮಾತನ್ನು ನಂಬಿ ಅಟ್ಟದ ಮೇಲಿನ ಮಡಕೆಗೆ ಕೈ ಹಾಕಿದೆ. ತಳದಲ್ಲಿ ಸಿಕ್ಕಿದ್ದು ನಾಲ್ಕು ಬೇವಿನ ಎಲೆ.

ಇದು ನಮ್ಮಮ್ಮನೊಬ್ಬಳ ಮಾತಲ್ಲ. ಬಳೆ ಒಡೆದರೆ 'ಬಳೆ ಹೆಚ್ಚಿತು' ಎನ್ನುವುದು, ದೀಪ ಆರಿದರೆ 'ದೀಪ ದೊಡ್ಡದಾಯಿತು' ಎನ್ನುವುದು ನಮ್ಮ ಹೆಂಗಸರ ಬಾಯಲ್ಲಿ ಹಿಂದಿನಿಂದ ಬಂದ ರೂಢಿ. ಇಲ್ಲ ಎನ್ನಬೇಕಾದ ಕಡೆ ಹೆಚ್ಚು ಎನ್ನುವುದು. ಕಣದಲ್ಲಿ ರಾಗಿ ಅಳೆಯುವಾಗಲೂ ಅಷ್ಟೆ. ಮೊದಲ ಕೊಳಗಕ್ಕೆ 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದರು. ಲಾಭ, ಎರಡು, ಮೂರು ಎಂದು ಲೆಕ್ಕ ಮುಂದುವರಿಯುತ್ತಿತ್ತು. ಕೊರತೆಯನ್ನು ಕಂಡವರು ಮಾತಿನಲ್ಲಾದರೂ ಕೊರತೆ ಬೇಡ ಎಂದುಕೊಂಡರೇನೋ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಆದರೆ ವಿಜ್ಞಾನದ ಮೇಷ್ಟ್ರಾದ ಮೇಲೆ ಆ ಮಡಕೆ ನನಗೆ ಇನ್ನೊಂದು ಪಾಠ ಹೇಳಿತು. ತುಂಬಿದೆ ಎನ್ನುವವರ ಮಾತು ಕೇಳಿದ ಮೇಲೆ ಒಮ್ಮೆ ಕೈ ಹಾಕಿ ನೋಡಬೇಕು.

ಒಂದು ಹುಡುಗಿಯ ಪ್ರಶ್ನೆ

ಕೈ ಹಾಕಿ ನೋಡಿದವಳು ನನ್ನ ಒಬ್ಬ ವಿದ್ಯಾರ್ಥಿನಿ. ಎಂಟನೆಯ ತರಗತಿಯಲ್ಲಿ ಗಾಳಿಯ ಪಾಠ ನಡೆಯುತ್ತಿತ್ತು. ಗಾಳಿಯಲ್ಲಿ ಸಾರಜನಕ ಶೇಕಡ ೭೮, ಆಮ್ಲಜನಕ ಶೇಕಡ ೨೧ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಗಿಡಗಳ ಬೆಳವಣಿಗೆಗೆ ಸಾರಜನಕ ಬೇಕು ಎಂದೂ ಹೇಳಿದೆ. ಕೊನೆಯ ಬೆಂಚಿನಿಂದ ಆಕೆ ಎದ್ದು ನಿಂತಳು. "ಸಾರ್, ಗಾಳಿಯಲ್ಲಿ ಅಷ್ಟೊಂದು ಇದ್ದರೆ ನಮ್ಮಪ್ಪ ಯೂರಿಯಾ ಚೀಲಕ್ಕೆ ಬೆಳಗಿನಿಂದ ಸಾಲು ಯಾಕೆ ನಿಲ್ಲಬೇಕು?"

ಮೂವತ್ತು ವರ್ಷಗಳ ಮೇಷ್ಟ್ರಗಿರಿಯಲ್ಲಿ ನಾನು ಕೇಳಿಸಿಕೊಂಡ ಅತ್ಯುತ್ತಮ ಪ್ರಶ್ನೆಗಳಲ್ಲಿ ಅದೊಂದು. ಅವತ್ತೇ ಲೆಕ್ಕ ಹಾಕಿದೆವು. ಭೂಮಿಯ ಒಂದು ಚದರ ಮೀಟರಿನ ಮೇಲೆ ನಿಂತಿರುವ ಗಾಳಿಯ ಕಂಬದ ತೂಕ ಸುಮಾರು ಹತ್ತು ಟನ್. ಒಂದು ಎಕರೆಗೆ ನಾಲ್ಕು ಸಾವಿರ ಚದರ ಮೀಟರಿಗೆ ಸ್ವಲ್ಪ ಮೇಲೆ. ಆಕೆಯ ಅಪ್ಪನ ಒಂದೆಕರೆ ಹೊಲದ ಮೇಲೆ ಸುಮಾರು ಮೂವತ್ತು ಸಾವಿರ ಟನ್ ಸಾರಜನಕ ಬಿಟ್ಟಿಯಾಗಿ ನಿಂತಿದೆ! ಈಗಿನ ೪೫ ಕಿಲೋ ಯೂರಿಯಾ ಚೀಲದಲ್ಲಿರುವುದು ಸುಮಾರು ೨೧ ಕಿಲೋ. ಆ ೨೧ ಕಿಲೋಗೆ ರೈತ ದುಡ್ಡು ಕೊಡುತ್ತಾನೆ, ಸಾಲು ನಿಲ್ಲುತ್ತಾನೆ.

ಕಾರಣವೇನೆಂದರೆ ಗಾಳಿಯಲ್ಲಿ ಸಾರಜನಕದ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿಯಾಗಿ ಕಟ್ಟಿಹಾಕಿಕೊಂಡಿವೆ. ಆ ಗಂಟನ್ನು ಬಿಚ್ಚುವ ಶಕ್ತಿ ಗಿಡಕ್ಕಿಲ್ಲ. ಜರ್ಮನಿಯ ಫ್ರಿಟ್ಸ್ ಹೇಬರ್ ೧೯೦೯ರಲ್ಲಿ ಹೆಚ್ಚಿನ ಒತ್ತಡ ಮತ್ತು ಶಾಖದಲ್ಲಿ ಸಾರಜನಕವನ್ನು ಜಲಜನಕದೊಂದಿಗೆ ಸೇರಿಸಿ ಅಮೋನಿಯಾ ಮಾಡಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದ. ೧೯೧೩ರಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ಇವತ್ತಿನ ಯೂರಿಯಾ ಆ ದಾರಿಯಲ್ಲೇ ಬರುವುದು.

ಆದರೆ ನಮ್ಮ ರಾಗಿ ಹೊಲಗಳಲ್ಲಿ ಅದಕ್ಕೂ ಹಿಂದಿನ ಕಾರ್ಖಾನೆಯೊಂದು ಸದ್ದಿಲ್ಲದೆ ನಡೆಯುತ್ತಿತ್ತು. ತುಮಕೂರು, ಕೋಲಾರ, ಬೆಂಗಳೂರು ಗ್ರಾಮಾಂತರದ ರೈತರು ರಾಗಿಯ ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ ಹಾಕುವುದನ್ನು ನೀವು ನೋಡಿರಬಹುದು. ಅವರೆ ಗಿಡವನ್ನು ಮೆಲ್ಲಗೆ ಕಿತ್ತು ಬೇರು ತೊಳೆದರೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಆ ಗಂಟುಗಳೊಳಗಿನ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಹೇಬರನ ಒತ್ತಡವೂ ಇಲ್ಲದೆ, ಬಾಷನ ಕುಲುಮೆಯೂ ಇಲ್ಲದೆ, ಹೊಲದ ತಂಪಿನಲ್ಲೇ ಆ ಮೂರು ಬಂಧಗಳನ್ನು ಬಿಡಿಸುತ್ತದೆ. ಮರುದಿನ ಆ ಹುಡುಗಿ ತಮ್ಮ ಹೊಲದಿಂದ ಒಂದು ಅವರೆ ಗಿಡವನ್ನು ಬೇರುಸಮೇತ ತಂದಿದ್ದಳು. ಗಂಟನ್ನು ಬ್ಲೇಡಿನಿಂದ ಕೊಯ್ದಾಗ ಒಳಗೆ ನಸುಗೆಂಪು ಬಣ್ಣ. ತರಗತಿಯೆಲ್ಲ ಮುಗಿಬಿದ್ದು ನೋಡಿತು. ಇರುವುದು ಬೇರೆ, ಒದಗುವುದು ಬೇರೆ ಎಂಬ ಪಾಠವನ್ನು ಆ ದಿನ ಮಾಡಿದ್ದು ನಾನಲ್ಲ, ಅವರೆ ಗಿಡ.

ಅಗ್ಗವಾದ ರಾಜಲೋಹ

ಇದೇ ಪಾಠದ ಇನ್ನೊಂದು ಅಧ್ಯಾಯ ನಿಮ್ಮ ಅಡುಗೆಮನೆಯಲ್ಲಿದೆ. ಭೂಮಿಯ ಹೊರಚಿಪ್ಪಿನಲ್ಲಿ ಯಾವ ಧಾತು ಎಷ್ಟಿದೆ ಎಂದು ಮೊದಲು ಪಟ್ಟಿ ಮಾಡಿದವನು ಅಮೆರಿಕದ ರಸಾಯನ ವಿಜ್ಞಾನಿ ಫ್ರಾಂಕ್ ಕ್ಲಾರ್ಕ್, ೧೮೮೯ರಲ್ಲಿ. ಈಗಿನ ಲೆಕ್ಕದಂತೆ ತೂಕದಲ್ಲಿ ಆಮ್ಲಜನಕ ಶೇಕಡ ೪೬, ಸಿಲಿಕಾನ್ ಶೇಕಡ ೨೮, ಅಲ್ಯೂಮಿನಿಯಂ ಶೇಕಡ ೮, ಕಬ್ಬಿಣ ಶೇಕಡ ೫ರಷ್ಟು. ಲೋಹಗಳಲ್ಲೆಲ್ಲ ಅಲ್ಯೂಮಿನಿಯಂಗೇ ಮೊದಲ ಸ್ಥಾನ. ನಾವು ತುಳಿಯುವ ಜೇಡಿಮಣ್ಣಿನ ತುಂಬ ಅದಿದೆ.

ಆದರೂ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಯೂಮಿನಿಯಂ ರಾಜಮಹಾರಾಜರ ಲೋಹವಾಗಿತ್ತು. ಫ್ರಾನ್ಸಿನ ಮೂರನೆಯ ನೆಪೋಲಿಯನ್ ಅದರ ಮೇಲೆ ಮೋಹಗೊಂಡು ಹಣ ಸುರಿದ. ೧೮೮೪ರಲ್ಲಿ ವಾಷಿಂಗ್ಟನ್ ಸ್ಮಾರಕದ ತುತ್ತತುದಿಗೆ ಕಳಶದಂತೆ ಇಟ್ಟದ್ದು ಮೂರು ಕಿಲೋಗಿಂತ ಕಡಿಮೆ ತೂಕದ ಅಲ್ಯೂಮಿನಿಯಂ ತುಂಡು. ಮಣ್ಣಿನಲ್ಲಿ ಆಮ್ಲಜನಕದೊಂದಿಗೆ ಬೆಸೆದುಕೊಂಡ ಲೋಹವನ್ನು ಬಿಡಿಸುವುದು ಅಷ್ಟು ಕಷ್ಟವಾಗಿತ್ತು. ೧೮೮೬ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸಿನ ಪಾಲ್ ಎರೂ ಎಂಬಿಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ವಿದ್ಯುತ್ತಿನಿಂದ ಅದನ್ನು ಬಿಡಿಸುವ ಒಂದೇ ಬಗೆಯ ಉಪಾಯ ಕಂಡುಕೊಂಡರು. ಇಬ್ಬರೂ ಹುಟ್ಟಿದ್ದು ೧೮೬೩ರಲ್ಲಿ; ಇಬ್ಬರಿಗೂ ಆಗ ಇಪ್ಪತ್ತಮೂರರ ಆಸುಪಾಸು. ರಾಜಲೋಹ ಬರಬರುತ್ತ ನಮ್ಮ ಮನೆಯ ಇಡ್ಲಿ ಪಾತ್ರೆಯಾಯಿತು. ಭೂಮಿಯಲ್ಲಿ ಅಲ್ಯೂಮಿನಿಯಂ ಒಂದು ಗುಂಜಿಯೂ ಹೆಚ್ಚಾಗಿರಲಿಲ್ಲ. ಹೆಚ್ಚಾದದ್ದು ಇಬ್ಬರು ಹುಡುಗರ ತಿಳಿವಳಿಕೆ.

ಚಿನ್ನದ ಕಥೆ ಇದಕ್ಕೆ ತಿರುವುಮುರುವು. ಹೊರಚಿಪ್ಪಿನ ಸರಾಸರಿ ತೆಗೆದರೆ ಒಂದು ಟನ್ ಬಂಡೆಯಲ್ಲಿ ಕೆಲವೇ ಮಿಲಿಗ್ರಾಂ ಚಿನ್ನ. ಎಲ್ಲೋ ಕೆಲವು ಕಡೆ ಅದು ಒಟ್ಟುಗೂಡಿರುತ್ತದೆ, ನಮ್ಮ ಕೋಲಾರದಂತೆ. ಅಲ್ಲಿ ನೂರಕ್ಕೂ ಹೆಚ್ಚು ವರ್ಷ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತೆಗೆದರು. ೨೦೦೧ರಲ್ಲಿ ಗಣಿ ಮುಚ್ಚಿದರು. ಚಿನ್ನ ಪೂರ್ತಿ ಬರಿದಾಯಿತೆಂದಲ್ಲ, ಸಿಗುವ ಚಿನ್ನಕ್ಕಿಂತ ತೆಗೆಯುವ ಖರ್ಚು ಮೇಲಾಯಿತೆಂದು. ಗಣಿಯನ್ನೇ ನಂಬಿಕೊಂಡಿದ್ದ ಕುಟುಂಬಗಳ ಮಟ್ಟಿಗೆ ಎರಡಕ್ಕೂ ವ್ಯತ್ಯಾಸವಿರಲಿಲ್ಲ.

ನಕ್ಷತ್ರದಲ್ಲಿ ಏನಿದೆ?

ಸಮೃದ್ಧಿ ಕೈಗೆ ಸಿಗದಿರುವುದು ಒಂದು ಕಥೆ. ಕಣ್ಣಿಗೇ ಕಾಣದಿರುವುದು ಇನ್ನೊಂದು. ಇದರ ನಾಯಕಿ ಇಂಗ್ಲೆಂಡಿನಲ್ಲಿ ೧೯೦೦ರಲ್ಲಿ ಹುಟ್ಟಿದ ಸೆಸಿಲಿಯಾ ಪೇಯ್ನ್. ಕೇಂಬ್ರಿಜ್‌ನಲ್ಲಿ ಓದಿ, ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯಕ್ಕೆ ೧೯೨೩ರಲ್ಲಿ ಬಂದಳು.

ಸೂರ್ಯನ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿದರೆ ಬಣ್ಣಗಳ ನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಧಾತುವಿಗೂ ಅದರದೇ ಗೆರೆಗಳು, ಬೆರಳಚ್ಚಿನಂತೆ. ಸೂರ್ಯನಲ್ಲಿ ಕಬ್ಬಿಣದ ಗೆರೆಗಳು ಲೆಕ್ಕವಿಲ್ಲದಷ್ಟು ಕಂಡವು. ಹಾಗಾಗಿ ಸೂರ್ಯನ ವಸ್ತುವೂ ಹೆಚ್ಚುಕಡಿಮೆ ಭೂಮಿಯಂತೆಯೇ ಇರಬೇಕೆಂದು ದೊಡ್ಡ ದೊಡ್ಡ ವಿಜ್ಞಾನಿಗಳು ಭಾವಿಸಿದ್ದರು. ತರಗತಿಯಲ್ಲಿ ಸದ್ದು ಮಾಡುವ ನಾಲ್ಕು ಹುಡುಗರನ್ನು ನೋಡಿ ಇಡೀ ತರಗತಿ ಅವರದೇ ಎಂದುಕೊಂಡ ಹಾಗೆ.

ಇಲ್ಲಿ ನಮ್ಮ ದೇಶದ ಒಬ್ಬರು ಬರುತ್ತಾರೆ. ಢಾಕಾ ಬಳಿಯ ಹಳ್ಳಿಯೊಂದರ ಸಣ್ಣ ಅಂಗಡಿಕಾರನ ಮಗ ಮೇಘನಾದ ಸಹಾ, ೧೯೨೦ರಲ್ಲಿ ಒಂದು ಸಮೀಕರಣ ಪ್ರಕಟಿಸಿದರು. ಯಾವ ಉಷ್ಣತೆಯಲ್ಲಿ, ಯಾವ ಒತ್ತಡದಲ್ಲಿ, ಒಂದು ಧಾತುವಿನ ಎಷ್ಟು ಪರಮಾಣುಗಳು ತಮ್ಮ ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ ಎಂದು ಅದು ತಿಳಿಸುತ್ತದೆ. ಗೆರೆ ದಟ್ಟವಾಗಿ ಕಾಣುವುದೋ ತೆಳುವಾಗಿ ಕಾಣುವುದೋ ಎಂಬುದು ಧಾತು ಎಷ್ಟಿದೆ ಎಂಬುದನ್ನಷ್ಟೇ ಅವಲಂಬಿಸಿಲ್ಲ. ಅದರ ಪರಮಾಣುಗಳು ಯಾವ ಸ್ಥಿತಿಯಲ್ಲಿವೆ ಎಂಬುದರ ಮೇಲೂ ನಿಂತಿದೆ. ಪೇಯ್ನ್ ಈ ಸಮೀಕರಣ ಹಿಡಿದು ನಕ್ಷತ್ರಗಳ ಗೆರೆಗಳನ್ನು ಮತ್ತೆ ಓದಿದಳು. ಸೂರ್ಯನ ಉಷ್ಣತೆಯಲ್ಲಿ ಜಲಜನಕದ ಪರಮಾಣುಗಳಲ್ಲಿ ತೀರ ಕೆಲವು ಮಾತ್ರ ನಮಗೆ ಕಾಣುವ ಗೆರೆ ಮೂಡಿಸಬಲ್ಲವು. ಆ ಕೆಲವೇ ಇಷ್ಟು ಕಂಡರೆ ಕಾಣದವು ಎಷ್ಟಿರಬೇಕು! ೧೯೨೫ರ ಅವಳ ಪ್ರಬಂಧದ ಲೆಕ್ಕದಲ್ಲಿ ಜಲಜನಕ ಲೋಹಗಳಿಗಿಂತ ಲಕ್ಷಾಂತರ ಪಟ್ಟು ಹೆಚ್ಚು ಬಂತು.

ಹಿರಿಯ ಖಗೋಳ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಇದು ಸಾಧ್ಯವಿಲ್ಲ ಎಂದರು. ಇಪ್ಪತ್ತೈದರ ವಿದ್ಯಾರ್ಥಿನಿ ಏನು ಮಾಡಿಯಾಳು? ಈ ಫಲಿತಾಂಶ ಬಹುಮಟ್ಟಿಗೆ ವಾಸ್ತವವಾಗಿರಲಾರದು ಎಂಬರ್ಥದ ಮಾತನ್ನು ತನ್ನ ಪ್ರಬಂಧದಲ್ಲಿ ತಾನೇ ಸೇರಿಸಿದಳು. ನಾಲ್ಕು ವರ್ಷಗಳ ನಂತರ, ೧೯೨೯ರಲ್ಲಿ, ರಸೆಲ್ ಬೇರೆ ದಾರಿಯಿಂದ ಅದೇ ತೀರ್ಮಾನಕ್ಕೆ ಬಂದರು. ಆಕೆಯ ಕೆಲಸವನ್ನು ತಮ್ಮ ಲೇಖನದಲ್ಲಿ ನೆನೆದರು. ಈಗ ನಮಗೆ ಗೊತ್ತು: ವಿಶ್ವದ ಸಾಮಾನ್ಯ ದ್ರವ್ಯದಲ್ಲಿ ತೂಕದ ಮುಕ್ಕಾಲು ಪಾಲು ಜಲಜನಕ, ಹೆಚ್ಚುಕಡಿಮೆ ಕಾಲು ಪಾಲು ಹೀಲಿಯಂ. ನಮ್ಮ ಮಣ್ಣು, ಕಬ್ಬಿಣ, ಚಿನ್ನ, ನೀವು, ನಾನು, ಎಲ್ಲ ಸೇರಿ ಉಳಿದ ಚಿಲ್ಲರೆಯಲ್ಲಿದ್ದೇವೆ. ಹಾರ್ವರ್ಡ್ ಆಕೆಯನ್ನು ಪೂರ್ಣ ಪ್ರಾಧ್ಯಾಪಕಿಯನ್ನಾಗಿ ಮಾಡಿದ್ದು ೧೯೫೬ರಲ್ಲಿ. ಸಹಾ ತೀರಿಕೊಂಡದ್ದೂ ಅದೇ ವರ್ಷ.

ಹೆಚ್ಚು ಇದ್ದದ್ದು ಇಲ್ಲವಾಗುವುದು

ಜೀವಶಾಸ್ತ್ರಕ್ಕೆ ಬಂದರೆ ಎರಡು ಮಾತುಗಳನ್ನು ಮಕ್ಕಳು ಒಂದೇ ಎಂದುಕೊಳ್ಳುತ್ತಾರೆ. ಒಂದು ಜಾಗದಲ್ಲಿ ಎಷ್ಟು ಬಗೆಯ ಜೀವಿಗಳಿವೆ ಎಂಬುದು ಒಂದು ಲೆಕ್ಕ. ಒಂದೊಂದು ಬಗೆಯವೂ ಎಷ್ಟೆಷ್ಟಿವೆ ಎಂಬುದು ಇನ್ನೊಂದು. ಎರಡನೆಯದೇ ಅಬಂಡೆನ್ಸ್. ಎರಡು ತೋಪುಗಳನ್ನು ಊಹಿಸಿಕೊಳ್ಳಿ. ಎರಡರಲ್ಲೂ ನೂರು ಮರ, ಐದು ಜಾತಿ. ಒಂದರಲ್ಲಿ ಹೊಂಗೆ, ಬೇವು, ಹುಣಸೆ, ಮಾವು, ನೇರಳೆ ಇಪ್ಪತ್ತಿಪ್ಪತ್ತು. ಇನ್ನೊಂದರಲ್ಲಿ ನೀಲಗಿರಿ ೯೬, ಉಳಿದ ನಾಲ್ಕು ಜಾತಿ ಒಂದೊಂದು. ಕಾಗದದ ಮೇಲೆ ಎರಡೂ ನೂರು ಮರ, ಐದು ಜಾತಿಯ ತೋಪುಗಳೇ. ಯಾವುದರ ನೆರಳಲ್ಲಿ ಹೆಚ್ಚು ಹಕ್ಕಿ ಕೂತಾವು ಎಂದು ಯಾವ ದನಕಾಯುವ ಹುಡುಗನೂ ಹೇಳಬಲ್ಲ.

ಹೆಚ್ಚು ಇರುವುದು ಉಳಿಯುತ್ತದೆ ಎಂಬ ಭರವಸೆಯೂ ಇಲ್ಲ. ನಮ್ಮ ಬಾಲ್ಯದಲ್ಲಿ ಊರ ಹೊರಗೆ ದನ ಸತ್ತರೆ ಗಳಿಗೆಯೊಳಗೆ ಆಕಾಶದಲ್ಲಿ ರಣಹದ್ದುಗಳು ಸುತ್ತುತ್ತಿದ್ದವು. ಬಿಳಿ ಬೆನ್ನಿನ ರಣಹದ್ದು ೧೯೮೦ರ ದಶಕದಲ್ಲಿ ಬಹುಶಃ ಜಗತ್ತಿನಲ್ಲೇ ಅತ್ಯಂತ ಹೇರಳವಾದ ದೊಡ್ಡ ಮಾಂಸಾಹಾರಿ ಹಕ್ಕಿ ಎಂದು ತಜ್ಞರು ಎಣಿಸಿದ್ದರು. ೧೯೯೨ರಿಂದ ೨೦೦೭ರ ನಡುವೆ ಭಾರತದಲ್ಲಿ ಅದರ ಸಂಖ್ಯೆ ಸಾವಿರದಲ್ಲಿ ಒಂದಕ್ಕೆ ಇಳಿಯಿತು. ಕಾರಣ ತಿಳಿದದ್ದು ೨೦೦೪ರಲ್ಲಿ. ದನಗಳಿಗೆ ನೋವು ನಿವಾರಕವಾಗಿ ಕೊಡುತ್ತಿದ್ದ ಡೈಕ್ಲೊಫೆನಾಕ್, ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸುತ್ತಿತ್ತು. ಜಾನುವಾರುಗಳಿಗೆ ಅದನ್ನು ಬಳಸುವುದನ್ನು ೨೦೦೬ರಲ್ಲಿ ನಮ್ಮ ಸರ್ಕಾರ ನಿಷೇಧಿಸಿತು. 'ಶೋಲೆ' ಚಿತ್ರದಿಂದ ಹೆಸರಾದ ರಾಮನಗರದ ಬೆಟ್ಟಗಳಲ್ಲಿ ಇನ್ನೊಂದು ಜಾತಿಯ, ಉದ್ದ ಕೊಕ್ಕಿನ ರಣಹದ್ದುಗಳು ಉಳಿದುಕೊಂಡಿದ್ದವು. ೨೦೧೨ರಲ್ಲಿ ರಾಮದೇವರಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಎಣಿಸಲಾರದಷ್ಟು ಇದ್ದಾಗ ಯಾರೂ ಎಣಿಸಲಿಲ್ಲ. ಎಣಿಸಲು ಕೂತಾಗ ಬೆರಳುಗಳೇ ಸಾಕಾಗುವ ಸ್ಥಿತಿ ಬಂದಿತ್ತು.

ಹದಿಮೂರಕ್ಕಿಂತ ಹನ್ನೆರಡು ಮೇಲು

ಇಷ್ಟೆಲ್ಲ ಆದ ಮೇಲೆ ಗಣಿತಕ್ಕೆ ಬರೋಣ. ಇಲ್ಲಿ ಲೆಕ್ಕ ತೀರ ಚೊಕ್ಕ. ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿ. ಮೊತ್ತ ಮೂಲ ಸಂಖ್ಯೆಗಿಂತ ಕಡಿಮೆಯಾದರೆ ಅದು ನ್ಯೂನ ಸಂಖ್ಯೆ, ಸಮವಾದರೆ ಪರಿಪೂರ್ಣ, ಹೆಚ್ಚಾದರೆ ಸಮೃದ್ಧ. ಸುಮಾರು ೧೯೦೦ ವರ್ಷಗಳ ಹಿಂದೆ ನಿಕೋಮಾಕಸ್ ಎಂಬ ಗಣಿತಜ್ಞ ಈ ಮೂರು ಗುಂಪುಗಳ ಬಗ್ಗೆ ಬರೆದ. ಆರಕ್ಕೆ ೧, ೨, ೩, ಕೂಡಿದರೆ ಆರೇ. ಪರಿಪೂರ್ಣ. ಎಂಟಕ್ಕೆ ೧, ೨, ೪, ಏಳು. ನ್ಯೂನ. ಹನ್ನೆರಡಕ್ಕೆ ೧, ೨, ೩, ೪, ೬, ಹದಿನಾರು! ಹನ್ನೆರಡೇ ಮೊಟ್ಟಮೊದಲ ಸಮೃದ್ಧ ಸಂಖ್ಯೆ.

ಹದಿಮೂರು ಅದಕ್ಕಿಂತ ದೊಡ್ಡದು. ಆದರೆ ಅದನ್ನು ಭಾಗಿಸುವುದು ಒಂದು ಮಾತ್ರ. ಹಾಗಾಗಿ ಅದು ಕಡುಬಡವ. ನೂರರೊಳಗೆ ೨೨ ಸಮೃದ್ಧ ಸಂಖ್ಯೆಗಳಿವೆ, ಎಲ್ಲವೂ ಸಮಸಂಖ್ಯೆಗಳೇ. ಮೊದಲ ಬೆಸ ಸಮೃದ್ಧ ಸಂಖ್ಯೆ ಸಿಗಬೇಕಾದರೆ ೯೪೫ರವರೆಗೆ ಹೋಗಬೇಕು. ಮಕ್ಕಳೇ, ಅದರ ಭಾಜಕಗಳನ್ನು ನೀವೇ ಕೂಡಿ ನೋಡಿ, ೯೭೫ ಬರಬೇಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ವ್ಯಾಖ್ಯೆಯ ಒಳಗಿನ ಭಾವ. ಗಣಿತದ ಪ್ರಕಾರ ಸಮೃದ್ಧಿ ಎಂದರೆ ದೊಡ್ಡದಾಗಿರುವುದಲ್ಲ, ಹಲವು ಬಗೆಯಲ್ಲಿ ಪಾಲಾಗಬಲ್ಲದ್ದು. ಹನ್ನೆರಡು ಬಾಳೆಹಣ್ಣನ್ನು ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಆರು ಜನರಿಗೆ ಜಗಳವಿಲ್ಲದೆ ಹಂಚಬಹುದು. ಹಳಬರು ಅಳತೆಗಳಿಗೆ ಇಂಥ ಸಂಖ್ಯೆಗಳನ್ನೇ ಹೆಚ್ಚಾಗಿ ಆರಿಸಿಕೊಂಡರು. ಡಜನ್ನಿಗೆ ಹನ್ನೆರಡು, ದಿನಕ್ಕೆ ೨೪ ಗಂಟೆ, ಗಂಟೆಗೆ ೬೦ ನಿಮಿಷ, ದಿನಕ್ಕೆ ೬೦ ಗಳಿಗೆ. ನಮ್ಮ ಕಣದ ಲೆಕ್ಕದಲ್ಲಿ ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಇಪ್ಪತ್ತೂ ಸಮೃದ್ಧ ಸಂಖ್ಯೆಯೇ: ೧, ೨, ೪, ೫, ೧೦ ಕೂಡಿದರೆ ೨೨.

ಹಂಚಿಕೆಯ ಲೆಕ್ಕ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಬಂಗಾಳ ೧೯೪೩ರಲ್ಲಿ ಕಂಡಿತು. ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಜನ ಸತ್ತರು. ಆಗ ಶಾಂತಿನಿಕೇತನದಲ್ಲಿ ಬಾಲಕನಾಗಿದ್ದ ಅಮರ್ತ್ಯ ಸೇನ್ ಹಸಿದವರನ್ನು ಕಣ್ಣಾರೆ ಕಂಡಿದ್ದರು. ಮುಂದೆ ಅರ್ಥಶಾಸ್ತ್ರಜ್ಞರಾಗಿ ೧೯೮೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ತೋರಿಸಿದ ಲೆಕ್ಕ ಎದೆ ನಡುಗಿಸುವಂಥದು. ಕ್ಷಾಮವಿಲ್ಲದ ೧೯೪೧ಕ್ಕಿಂತ ೧೯೪೩ರಲ್ಲಿ ಬಂಗಾಳದಲ್ಲಿದ್ದ ಧಾನ್ಯ ಶೇಕಡ ೧೩ರಷ್ಟು ಹೆಚ್ಚೇ ಇತ್ತು. ಆದರೆ ಯುದ್ಧಕಾಲದಲ್ಲಿ ಬೆಲೆ ಏರಿ, ಕೂಲಿಯವರ, ಬೆಸ್ತರ, ಕುಶಲಕರ್ಮಿಗಳ ಕೈಗೆ ಅಕ್ಕಿ ಎಟುಕದಂತಾಗಿತ್ತು. ಮೂವತ್ತು ಸಾವಿರ ಟನ್ ಸಾರಜನಕದ ಕೆಳಗೆ ಹಳದಿಯಾಗಿ ನಿಂತ ಪೈರಿನ ಕಥೆಯೇ ಇದು, ಮನುಷ್ಯರ ವಿಷಯದಲ್ಲಿ.

ಬೇಕು ಮತ್ತು ಸಾಕು

ನಿವೃತ್ತನಾದ ಮೇಲೂ ಪೋಷಕರು ನನ್ನ ಬಳಿ ಸಲಹೆಗೆ ಬರುತ್ತಾರೆ. ಇನ್ನೊಂದು ಟ್ಯೂಷನ್ ಹಾಕಿಸಬೇಕೆ, ಇನ್ನೊಂದು ಗೈಡ್ ತರಬೇಕೆ ಎಂದು ಕೇಳುತ್ತಾರೆ. ಇತ್ತೀಚೆಗೆ ಬಂದ ಹತ್ತನೆಯ ತರಗತಿಯ ಹುಡುಗನಿಗೆ ಶಾಲೆಯ ಜೊತೆಗೆ ಎರಡು ಟ್ಯೂಷನ್, ಭಾನುವಾರ ಪ್ರವೇಶ ಪರೀಕ್ಷೆಯ ತರಬೇತಿ, ರಾತ್ರಿ ಮೊಬೈಲಿನಲ್ಲಿ ವಿಡಿಯೊ ಪಾಠ. ಅಪ್ಪ ಅಮ್ಮ ಸಾಲ ಮಾಡಿ ಒದಗಿಸಿದ್ದರು. ಅಂಕಗಳು ಮಾತ್ರ ಇಳಿಯುತ್ತಿದ್ದವು. ಅರ್ಥವಾಗದ್ದನ್ನು ಯಾರನ್ನು ಕೇಳುತ್ತೀಯಪ್ಪಾ ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಳೋಕೆ ಟೈಮ್ ಇರಲ್ಲ ಸಾರ್" ಎಂದ. ಅವನ ತಾಯಿ ಮುಖ ಆಚೆ ತಿರುಗಿಸಿಕೊಂಡರು.

ಆ ಹುಡುಗನ ಸುತ್ತ ಪಾಠ ಗಾಳಿಯಂತೆ ತುಂಬಿಕೊಂಡಿತ್ತು. ಅದನ್ನು ಅವನಿಗೆ ದಕ್ಕುವಂತೆ ಬಿಡಿಸಿಕೊಡುವ ಒಂದು ಸಣ್ಣ ಗಂಟು ಬೇರಿನಲ್ಲಿರಲಿಲ್ಲ. ಆ ಗಂಟು ಒಬ್ಬ ಮೇಷ್ಟ್ರಾಗಬಹುದು, ಪಕ್ಕದ ಮನೆಯ ಅಕ್ಕನಾಗಬಹುದು, ಏನೂ ಓದದಿದ್ದರೂ ಕೂತು ಕೇಳಿಸಿಕೊಳ್ಳುವ ಅಜ್ಜಿಯಾಗಬಹುದು. ಒಂದು ಟ್ಯೂಷನ್ ಬಿಡಿಸಿ, ಆ ಹೊತ್ತಿನಲ್ಲಿ ಅವತ್ತಿನ ಪಾಠವನ್ನು ಅವನೇ ತಾಯಿಗೆ ಹೇಳಿಕೊಡಲಿ ಎಂದು ಹೇಳಿ ಕಳಿಸಿದೆ. ಪರೀಕ್ಷೆ ಇನ್ನೂ ಮುಂದಿದೆ. ಫಲ ಏನಾಗುವುದೋ ನೋಡಬೇಕು. ಮೊನ್ನೆ ದಾರಿಯಲ್ಲಿ ಸಿಕ್ಕಾಗ ಆ ತಾಯಿ ಹೇಳಿದ್ದು ಇಷ್ಟು: "ಈಗ ನಂಗೂ ಪ್ರಶ್ನೆ ಕೇಳೋಕೆ ಬರುತ್ತೆ ಮೇಷ್ಟ್ರೆ."

ಕನ್ನಡದಲ್ಲಿ 'ಸಾಕು' ಎಂದರೆ ಇಷ್ಟೇ ಇರಲಿ ಎಂದೂ ಹೌದು, ಸಲಹು ಎಂದೂ ಹೌದು. ಮಕ್ಕಳನ್ನು ಸಾಕುವವರು ಇವೆರಡನ್ನೂ ಒಟ್ಟಿಗೆ ಕಲಿಯಬೇಕಾಗುತ್ತದೆಯೋ ಏನೋ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಈ ವಾರ ಒಂದು ಮೀಟರ್ ಉದ್ದದ ನಾಲ್ಕು ಕಡ್ಡಿ, ಸ್ವಲ್ಪ ದಾರ ತೆಗೆದುಕೊಂಡು ಹತ್ತಿರದ ಬಯಲಿಗೋ ಶಾಲೆಯ ಅಂಗಳಕ್ಕೋ ಹೋಗಿ ಒಂದು ಚೌಕ ಕಟ್ಟಿ. ಅದರೊಳಗೆ ಎಷ್ಟು ಬಗೆಯ ಗಿಡ, ಒಂದೊಂದು ಎಷ್ಟೆಷ್ಟು ಎಂದು ಬರೆದುಕೊಳ್ಳಿ. ಹೆಸರು ಗೊತ್ತಿಲ್ಲದ್ದನ್ನು ಮನೆಯ ಹಿರಿಯರನ್ನು ಕೇಳಿ. ಗರಿಕೆ, ತುಂಬೆ, ಉತ್ತರಾಣಿ, ಹೊನ್ನೆಸೊಪ್ಪು ಅವರಿಗೆ ಗೊತ್ತಿರುತ್ತವೆ. ಮುಟ್ಟಿದರೆ ಮುನಿಯ ಒಂದು ಗಿಡ ಸಿಕ್ಕರೆ ಮೆಲ್ಲಗೆ ಬೇರು ಎತ್ತಿ ನೋಡಿ. ಮೂರು ತಿಂಗಳು ಬಿಟ್ಟು, ಮಳೆಯಾದ ಮೇಲೆ, ಅದೇ ಜಾಗದಲ್ಲಿ ಅದೇ ಚೌಕ ಕಟ್ಟಿ ಮತ್ತೆ ಎಣಿಸಿ. ಪೋಷಕರೂ ಜೊತೆಗೆ ಹೋಗಿ, ಒಂದೆರಡು ಗಂಟೆ ಸಾಕು. ಲೆಕ್ಕ ಶುರುಮಾಡುವಾಗ ಮೊದಲ ಗಿಡಕ್ಕೆ 'ಲಾಭ' ಎಂದರೂ ನನ್ನ ಅಭ್ಯಂತರವಿಲ್ಲ.